ಮಳೆ ಹಿಡಿದ ದಿನ ಸೈಕಲ್ ತಂಡ ಒಟ್ಟಾಗಿಯೇ ಸಾಗಬೇಕೇ?

ಪ್ರಶ್ನೆ: ದಾರಿಬುತ್ತಿ

ಸಾಮಾನನ್ನೆಲ್ಲ ತಮ್ಮ ತಮ್ಮ ಸೈಕಲ್‌ಗಳ ಮೇಲೆಯೇ ಹೇರಿಕೊಂಡು ಹಲವು ದಿನಗಳ ದೂರ ಪ್ರಯಾಣಕ್ಕೆ ಹೊರಡಲಿರುವ ಹನ್ನೆರಡು ಜನರ ತಂಡವೊಂದನ್ನು ಮುನ್ನಡೆಸುವ ಹೊಣೆ ನನಗೆ ಬಂದಿದೆ. ತಂಡದಲ್ಲಿ ಪಳಗಿದ ಸವಾರರ ಜೊತೆಗೆ ಇಷ್ಟು ದೂರ ಹಿಂದೆಂದೂ ತುಳಿಯದವರೂ ಇದ್ದಾರೆ. ದಿನಕ್ಕೆ ಸರಾಸರಿ 80 ಕಿ.ಮೀ. ಎಂದು ಯೋಜನೆ ಹಾಕಿಕೊಂಡಿದ್ದೇವೆ. ಒಣ ದಿನಗಳ ಬಗ್ಗೆ ನನಗೆ ಆತಂಕವಿಲ್ಲ. ಬೆಳಗ್ಗೆ ಹಿಡಿದ ಮಳೆ ಸಂಜೆಯವರೆಗೂ ಬಿಡದಂತಹ ದಿನವೊಂದು ನಡುವೆ ಬಂದೇ ಬರುತ್ತದೆ. ಆ ದಿನವನ್ನು ಹೇಗೆ ನಿಭಾಯಿಸಬೇಕು ಎಂಬುದೇ ನನ್ನ ಪ್ರಶ್ನೆ.

ಬೇರೆಯವರ ತಂಡಗಳಲ್ಲಿ ಸವಾರನಾಗಿ ಹೋದಾಗ ನಾನು ಗಮನಿಸಿರುವುದು ಹೀಗಿದೆ. ಮಳೆ ಶುರುವಾದ ಕೂಡಲೇ ಸಾಲು ತಾನಾಗಿಯೇ ಉದ್ದವಾಗುತ್ತದೆ. ಮುಂದಿರುವವರು ಪ್ರತಿಯೊಂದು ಕವಲಿನಲ್ಲೂ ನಿಂತು ಹಿಂದಿನವರಿಗಾಗಿ ಕಾಯುತ್ತಾರೆ. ಹಿಂದಿನವರು ತಮ್ಮಿಂದ ಎಲ್ಲರಿಗೂ ತಡವಾಗುತ್ತಿದೆಯೆಂಬ ಮುಜುಗರದಲ್ಲಿ ಶಕ್ತಿ ಮೀರಿ ತುಳಿದು ಬಂದು ಸೇರುವಷ್ಟರಲ್ಲಿ, ಮುಂದಿನವರು ಚಳಿ ತಡೆಯಲಾರದೆ ಹೊರಡಲು ಒಂದು ಕಾಲು ಪೆಡಲಿನ ಮೇಲೆ ಇಟ್ಟಿರುತ್ತಾರೆ. ಹೀಗಾಗಿ ವಿಶ್ರಾಂತಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ದಕ್ಕುವುದಿಲ್ಲ.

ಇಂಥ ದಿನ ಇಡೀ ತಂಡವನ್ನು ನಿಧಾನವಾದ ಸವಾರನ ವೇಗಕ್ಕೆ ಕಟ್ಟಿಹಾಕಿ ಒಟ್ಟಿಗೆ ಕರೆದೊಯ್ಯುವುದು ಲೇಸೋ, ಅಥವಾ ಬಿಡಿಬಿಡಿಯಾಗಿ ಹೋಗಲು ಬಿಡುವುದು ಲೇಸೋ? ಸವಾರಿಯನ್ನೇ ಕೈಬಿಟ್ಟು ಇದ್ದಲ್ಲೇ ಉಳಿಯಬೇಕಾದದ್ದು ಯಾವಾಗ? ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕೊನೆಯ ಚಕ್ರ

ನಾನು ಸಾಮಾನ್ಯವಾಗಿ ತಂಡಗಳ ಕಟ್ಟಕಡೆಯಲ್ಲಿ ಬರುವ ಕಾವಲು ಸವಾರ. ಆದ್ದರಿಂದ ನಾನು ಹೇಳುವುದೆಲ್ಲ ಹಿಂದಿನಿಂದ ಕಂಡದ್ದು.

ತಮ್ಮ ಎರಡನೆಯ ಪರಿಚ್ಛೇದದಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಮಳೆಯಲ್ಲಿ ತಂಡವನ್ನು ಕಂಗೆಡಿಸುವುದು ತುಳಿಯುವ ಹೊತ್ತಿಗಿಂತ ಹೆಚ್ಚಾಗಿ ಕಾಯುವ ಹೊತ್ತು. ಇದಕ್ಕೆ ಕಾರಣ ಸರಳವಾದ ಲೆಕ್ಕಾಚಾರದಲ್ಲಿದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಸುಮಾರು 20ರಿಂದ 25 ಶೇಕಡಾ ಮಾತ್ರ. ಉಳಿದದ್ದು ಮೈಯ ಶಾಖವಾಗುತ್ತದೆ. ಪೆಡಲಿನ ಮೇಲೆ 100 ವ್ಯಾಟ್ ಹಾಕುತ್ತ ನೆಮ್ಮದಿಯಾಗಿ ಸಾಗುತ್ತಿರುವ ಸವಾರನ ಮೈ 300ರಿಂದ 400 ವ್ಯಾಟ್‌ಗಳಷ್ಟು ಶಾಖವನ್ನು ಹೊಮ್ಮಿಸುತ್ತಿರುತ್ತದೆ, ಹಾಗಾಗಿ ಬಟ್ಟೆ ಪೂರ್ತಿ ತೊಯ್ದಿದ್ದರೂ ಅವನಿಗೆ ಚಳಿಯ ಅರಿವಾಗುವುದಿಲ್ಲ. ಸೈಕಲ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಆ ಶಾಖ 100 ವ್ಯಾಟ್‌ಗಳ ಆಸುಪಾಸಿಗೆ ಇಳಿಯುತ್ತದೆ. ಆದರೆ ಒದ್ದೆ ಬಟ್ಟೆ ಶಾಖವನ್ನು ಹೀರುವುದನ್ನು ನಿಲ್ಲಿಸುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ, ಕವಲಿನಲ್ಲಿ ಕಾಲು ಗಂಟೆ ನಿಂತವನ ಹಲ್ಲು ಏಕೆ ಕಟಕಟಿಸುತ್ತದೆ ಎಂಬುದು ತಿಳಿಯುತ್ತದೆ. ದೊಡ್ಡ ಏರಿನ ತುದಿಯಲ್ಲಿ ಕಾಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಏರುವಾಗ ಒಳಗಿನಿಂದ ಬೆವರು ತೋಯಿಸಿರುತ್ತದೆ, ತುದಿಯಲ್ಲಿ ಗಾಳಿ ಬೀಸುತ್ತಿರುತ್ತದೆ, ಮುಂದಿನ ಇಳಿಜಾರಿನಲ್ಲಿ ತುಳಿಯುವ ಕೆಲಸವೇ ಇರುವುದಿಲ್ಲ. ಒಟ್ಟು ಸೇರಬೇಕೆಂದಿದ್ದರೆ ಏರಿನ ಬುಡದಲ್ಲಿ ಸೇರಲಿ, ಇಲ್ಲವೇ ಇಳಿಜಾರು ಮುಗಿದ ಮೇಲೆ ಸೂರಿನಡಿ ಸೇರಲಿ.

ಆದ್ದರಿಂದ ನನ್ನ ಸಲಹೆಯೆಂದರೆ, ಮಳೆಯ ದಿನ ತಂಡವನ್ನು ಮೂರು ಮೂರು ಅಥವಾ ನಾಲ್ಕು ನಾಲ್ಕು ಜನರ ತುಕಡಿಗಳಾಗಿ ಒಡೆದು, ಒಂದು ತುಕಡಿ ಇನ್ನೊಂದಕ್ಕಾಗಿ ರಸ್ತೆಯ ಮೇಲೆ ಕಾಯಲೇಬಾರದು ಎಂದು ವಿಧಿಸಿಬಿಡಿ. ಎಲ್ಲರೂ ಸೇರುವ ಜಾಗಗಳನ್ನು ಹಿಂದಿನ ರಾತ್ರಿಯೇ ನಕ್ಷೆ ನೋಡಿ ಗೊತ್ತು ಮಾಡಿ. ಸರಿಸುಮಾರು 20ರಿಂದ 25 ಕಿ.ಮೀ.ಗೊಂದು ಸಾಕು, ಅದಕ್ಕೆ ಗೋಡೆ ಮತ್ತು ಸೂರು ಎರಡೂ ಇರಬೇಕು. ಬರೀ ಸೂರಿದ್ದರೆ ಎರಚಲು ತಪ್ಪುವುದಿಲ್ಲ. ದೂರ ಸವಾರಿಯ ಹಳೆಯ ಪದ್ಧತಿಯೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 1891ರಲ್ಲಿ ಆರಂಭವಾಗಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯಲ್ಲಿ ಸುಮಾರು 1200 ಕಿ.ಮೀ. ದೂರವನ್ನು ಗರಿಷ್ಠ 90 ಗಂಟೆಗಳಲ್ಲಿ ಮುಗಿಸಬೇಕು. ದಾರಿಯಲ್ಲಿ ತಪಾಸಣಾ ಠಾಣೆಗಳಿರುತ್ತವೆ, ಪ್ರತಿ ಠಾಣೆಗೂ ಮುಚ್ಚುವ ಸಮಯವಿರುತ್ತದೆ, ಎರಡು ಠಾಣೆಗಳ ನಡುವೆ ಯಾರು ಯಾವ ವೇಗದಲ್ಲಿ ಹೋದರೂ ಕೇಳುವವರಿಲ್ಲ. ಪ್ರವಾಸಕ್ಕೆ ಅಷ್ಟು ಬಿಗಿಯಾದ ಗಡಿಯಾರ ಬೇಕಿಲ್ಲ. ಆದರೂ ಇಂಥ ಜಾಗವನ್ನು ಇಷ್ಟು ಹೊತ್ತಿನೊಳಗೆ ದಾಟದಿದ್ದರೆ ಆ ತುಕಡಿ ಅಲ್ಲೇ ಸವಾರಿ ನಿಲ್ಲಿಸಿ ವಾಹನ ಹಿಡಿಯಬೇಕು ಎಂಬ ನಿಯಮ ಮೊದಲೇ ಇದ್ದರೆ, ನಡುದಾರಿಯಲ್ಲಿ ನೆನೆದು ನಿಂತವರ ನಡುವೆ ಚರ್ಚೆ ಹುಟ್ಟುವುದಿಲ್ಲ. ಅಂದ ಹಾಗೆ, ಅದೇ ಸವಾರಿ 2007ರಲ್ಲಿ ಮಳೆಗೆ ಸಿಕ್ಕಾಗ ಎಂದಿಗಿಂತ ಬಹಳ ಹೆಚ್ಚು ಜನ ಅರ್ಧಕ್ಕೇ ಬಿಟ್ಟರು, ಅವರೆಲ್ಲ ಅರ್ಹತಾ ಸವಾರಿಗಳನ್ನು ಮುಗಿಸಿಯೇ ಬಂದವರಾಗಿದ್ದರು. ಮಳೆಯಲ್ಲಿ ವಾಹನ ಹತ್ತಿದವನನ್ನು ರಾತ್ರಿ ಊಟದ ಹೊತ್ತಿಗೆ ಕಿಚಾಯಿಸುವ ಚಾಳಿಯುಳ್ಳ ತಂಡಗಳಿಗೆ ಇದನ್ನು ನಾನು ಮರೆಯದೆ ಹೇಳುತ್ತೇನೆ.

ಯಾರು ನಿಲ್ಲಬೇಕು ಎಂಬುದನ್ನು ಅವರನ್ನೇ ಕೇಳಿ ತಿಳಿಯಲಾಗದು. ಎಲ್ಲರೂ ‘ಪರವಾಗಿಲ್ಲ’ ಎನ್ನುತ್ತಾರೆ. ನಾನು ಅವರ ಕೈ ನೋಡುತ್ತೇನೆ. ಸೂರಿನಡಿಗೆ ಬಂದ ಸವಾರ ಹೆಲ್ಮೆಟ್ಟಿನ ಬಕಲ್ ಬಿಚ್ಚಲು ಎರಡು ಸಲ ತಡಕಾಡಿ, ಮೂರನೆಯ ಸಲ ಕೈಬಿಟ್ಟು ಹೆಲ್ಮೆಟ್ ಹಾಕಿಕೊಂಡೇ ಕುಳಿತರೆ, ಅವನ ಅಂದಿನ ಸವಾರಿ ಮುಗಿದಂತೆ. ಮೈಯ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಬೆರಳು ತಪ್ಪುವುದು, ಮಾತು ತೊದಲುವುದು, ಕಾಲು ತಡವರಿಸುವುದು, ಸುಮ್ಮಸುಮ್ಮನೆ ಸಿಡುಕುವುದು ಅದರ ಮುನ್ಸೂಚನೆಗಳು. ಗಡಗಡ ನಡುಗುತ್ತಿದ್ದವನು ಮೈ ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದನ್ನು ಚೇತರಿಕೆ ಎಂದು ತಿಳಿಯಬೇಡಿ, ಸ್ಥಿತಿ ಬಿಗಡಾಯಿಸಿದೆ ಎಂದರ್ಥ; ಆಗ ತಡಮಾಡದೆ ವೈದ್ಯಕೀಯ ನೆರವು ಬೇಕು. ಅಷ್ಟಕ್ಕೆ ಬರುವ ಮುನ್ನವೇ ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದನ್ನು ತೊಡಿಸಿ, ತಲೆ ಮುಚ್ಚಿಸಿ, ಪೂರ್ಣ ಎಚ್ಚರದಲ್ಲಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಟ್ಟು ಕೂರಿಸಿ. ಮತ್ತೆ ಸೈಕಲ್ ಹತ್ತಲು ಬಿಡಬೇಡಿ.

ಉತ್ತರ: ರಿಮ್ಮು ರಬ್ಬರು

ಮನುಷ್ಯರ ವಿಚಾರ ಮೇಲೆ ಬಂದಿರುವುದರಿಂದ ನಾನು ಸೈಕಲ್ಲು ಮತ್ತು ರಸ್ತೆಗೆ ಸೀಮಿತವಾಗಿ ಬರೆಯುತ್ತೇನೆ.

ಹೊರಡುವ ಮುನ್ನ ತಂಡದಲ್ಲಿ ಯಾರ ಸೈಕಲ್ಲಿಗೆ ಚಕ್ರದ ಹೊರಬಳೆಯನ್ನೇ ಅದುಮುವ ರಿಮ್ ಬ್ರೇಕ್ ಇದೆ, ಯಾರದಕ್ಕೆ ಚಕ್ರದ ನಡುವಿನ ಲೋಹದ ತಟ್ಟೆಯನ್ನು ಅದುಮುವ ಡಿಸ್ಕ್ ಬ್ರೇಕ್ ಇದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ರಿಮ್ ಒದ್ದೆಯಾಗಿದ್ದಾಗ ಲಿವರ್ ಅದುಮಿದರೆ ಬ್ರೇಕಿನ ರಬ್ಬರು ಮೊದಲು ನೀರಿನ ಪದರವನ್ನು ಒರೆಸಬೇಕಾಗುತ್ತದೆ. ಚಕ್ರ ಕೆಲವು ಸುತ್ತು ತಿರುಗುವವರೆಗೆ ಹಿಡಿತವೇ ಸಿಗುವುದಿಲ್ಲ, ಆಮೇಲೆ ಒಮ್ಮೆಲೇ ಹಿಡಿಯುತ್ತದೆ. ಡಿಸ್ಕ್ ಬ್ರೇಕಿಗೆ ಈ ತಡ ಬಹಳ ಕಡಿಮೆ. ಇಬ್ಬರೂ ಒಂದೇ ಸಾಲಿನಲ್ಲಿದ್ದು ಡಿಸ್ಕಿನವನು ಮುಂದಿದ್ದರೆ, ಅವನು ನಿಂತ ಜಾಗದಲ್ಲಿ ಹಿಂದಿನವನು ಇನ್ನೂ ನೀರು ಒರೆಸುತ್ತಿರುತ್ತಾನೆ. ಆದ್ದರಿಂದ ಇಳಿಜಾರಿನಲ್ಲಿ ರಿಮ್ ಬ್ರೇಕಿನವರು ಮುಂದೆ, ಡಿಸ್ಕಿನವರು ಹಿಂದೆ ಇರಲಿ, ಯಾರ ನಡುವೆಯೂ ಐದಾರು ಸೈಕಲ್ ಉದ್ದಕ್ಕಿಂತ ಕಡಿಮೆ ಅಂತರ ಬೇಡ. ಪ್ಯಾನಿಯರ್‌ಗಳ (ಚಕ್ರದ ಪಕ್ಕಕ್ಕೆ ತೂಗುಹಾಕುವ ಚೀಲಗಳ) ಭಾರ ಹೊತ್ತಿರುವಾಗ ಇನ್ನಷ್ಟಿರಲಿ. ತಿರುವಿಗೆ ಬರುವ ಮೊದಲೇ ಹಗುರವಾಗಿ ಬ್ರೇಕ್ ತಾಗಿಸಿ ರಿಮ್ ಒರೆಸಿಕೊಳ್ಳುವುದನ್ನೂ, ವೇಗವನ್ನೆಲ್ಲ ನೇರ ರಸ್ತೆಯಲ್ಲೇ ಇಳಿಸಿ ತಿರುವಿನೊಳಗೆ ಲಿವರ್ ಮುಟ್ಟದಿರುವುದನ್ನೂ ಹೊಸಬರಿಗೆ ಒಣ ದಿನವೇ ಅಭ್ಯಾಸ ಮಾಡಿಸಬೇಕು.

ಇಡೀ ದಿನ ಮಳೆಯಲ್ಲಿ ಇಳಿದು ಬಂದ ರಿಮ್ಮನ್ನು ಸಂಜೆ ಬೆರಳಿನಿಂದ ಸವರಿ ನೋಡಿ. ಅಂಟುವ ಕಪ್ಪು ಕೆಸರು ಮಣ್ಣಷ್ಟೇ ಅಲ್ಲ, ಸವೆದ ರಬ್ಬರು ಮತ್ತು ರಿಮ್ಮಿನ ಅಲ್ಯೂಮಿನಿಯಂ ಪುಡಿ ಕೂಡ ಅದರಲ್ಲಿರುತ್ತದೆ. ರಬ್ಬರಿನಲ್ಲಿ ಸಿಕ್ಕಿಕೊಂಡ ಹರಳುಗಳನ್ನು ಪಿನ್ನಿನಿಂದ ಕಿತ್ತು ತೆಗೆಯದಿದ್ದರೆ ಮರುದಿನ ಅವು ರಿಮ್ಮನ್ನು ಗೀರುತ್ತ ಹೋಗುತ್ತವೆ. ಡಿಸ್ಕಿನವರೂ ನಿಶ್ಚಿಂತರಾಗಿರುವಂತಿಲ್ಲ. ಡಿಸ್ಕನ್ನು ಅದುಮುವ ರಾಳದ ಪ್ಯಾಡ್‌ಗಳು ಮಳೆ ಮತ್ತು ಮರಳಿನಲ್ಲಿ ಬೇಗ ಸವೆಯುತ್ತವೆ, ಲೋಹದ ಪ್ಯಾಡ್‌ಗಳು ಸದ್ದು ಮಾಡಿದರೂ ಹೆಚ್ಚು ಬಾಳುತ್ತವೆ. ಆದರೆ ಎಲ್ಲ ಡಿಸ್ಕ್‌ಗಳೂ ಲೋಹದ ಪ್ಯಾಡ್‌ಗೆ ತಕ್ಕವಲ್ಲವಾದ್ದರಿಂದ ಡಿಸ್ಕಿನ ಮೇಲೆ ಕೆತ್ತಿರುವುದನ್ನು ಓದಿಕೊಂಡೇ ಕೊಳ್ಳಬೇಕು. ಪ್ರತಿ ಮಾದರಿಗೂ ಒಂದು ಜೊತೆ ಹೆಚ್ಚುವರಿ ಪ್ಯಾಡ್ ತಂಡದಲ್ಲಿರಲಿ.

ಟೈರಿನ ವಿಚಾರದಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಕಾರಿನ ಟೈರಿನಂತೆ ಸೈಕಲ್ ಟೈರೂ ನೀರಿನ ಮೇಲೆ ತೇಲಿ ಜಾರುತ್ತದೆಂದು ಹೆದರಿ ದಪ್ಪ ಗೀರುಗಳ ಟೈರ್ ಹಾಕಿಸುವವರಿದ್ದಾರೆ. ವಿಮಾನದ ಟೈರುಗಳಿಗಾಗಿ ನಾಸಾ ಕಂಡುಕೊಂಡ ಸೂತ್ರದ ಪ್ರಕಾರ, ಚದರ ಅಂಗುಲಕ್ಕೆ 50 ಪೌಂಡ್ ಒತ್ತಡದ ಟೈರು ಹಾಗೆ ತೇಲಲು ಗಂಟೆಗೆ ಸುಮಾರು 118 ಕಿ.ಮೀ. ವೇಗ ಬೇಕು. ಸೈಕಲ್ ಟೈರು ಕಿರಿದಾಗಿ, ದುಂಡಗಿರುವುದರಿಂದ ನೀರನ್ನು ಇನ್ನೂ ಸುಲಭವಾಗಿ ಸೀಳುತ್ತದೆ. ನಮ್ಮನ್ನು ಬೀಳಿಸುವುದು ಬೇರೆಯೇ: ರಸ್ತೆಗೆ ಬಳಿದ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ರೈಲು ಹಳಿ, ಸೇತುವೆಯ ಮರದ ಹಲಗೆ, ಕೊಳೆತ ಎಲೆ, ಕಾಮನಬಿಲ್ಲಿನ ಬಣ್ಣ ತೋರುವ ಎಣ್ಣೆಯ ಪೊರೆ. ಬಹಳ ದಿನ ಒಣಗಿದ್ದ ರಸ್ತೆಗೆ ಬೀಳುವ ಮೊದಲ ಮಳೆಯಲ್ಲಿ ಜಾರಿಕೆ ಅತಿ ಹೆಚ್ಚು, ಏಕೆಂದರೆ ಎಣ್ಣೆ, ಧೂಳುಗಳು ನೀರಿನೊಡನೆ ಕಲಸಿರುತ್ತವೆಯೇ ಹೊರತು ಇನ್ನೂ ತೊಳೆದುಹೋಗಿರುವುದಿಲ್ಲ. ಹಳಿಯನ್ನು ಆದಷ್ಟು ಲಂಬವಾಗಿ ದಾಟಬೇಕು, ಓರೆಯಾಗಿದ್ದರೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯಿಲ್ಲ. ಟೈರಿನ ಗಾಳಿಯನ್ನು ತುಸು ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಹಿಂಚಕ್ರದ ಮೇಲೆ ಭಾರವಿರುವುದರಿಂದ ಅದನ್ನು ಅತಿಯಾಗಿ ಇಳಿಸಬಾರದು.

ಪಂಕ್ಚರ್‌ಗಳೂ ಮಳೆಯಲ್ಲೇ ಹೆಚ್ಚು. ನೀರು ಗಾಜಿನ ಚೂರು, ಮುಳ್ಳುಗಳನ್ನು ರಸ್ತೆಯಂಚಿಗೆ ತಂದು ಗುಡ್ಡೆ ಹಾಕುತ್ತದೆ, ಒದ್ದೆ ರಬ್ಬರಿನೊಳಗೆ ಅವು ಸಲೀಸಾಗಿ ಇಳಿಯುತ್ತವೆ. ಒದ್ದೆ ಟ್ಯೂಬಿಗೆ ತೇಪೆ ಅಂಟುವುದಿಲ್ಲವಾದ್ದರಿಂದ ರಸ್ತೆಯಲ್ಲಿ ಟ್ಯೂಬನ್ನೇ ಬದಲಿಸಿ, ತೇಪೆಯನ್ನು ರಾತ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಉತ್ತರ: ನಿಧಾನಗಾಮಿ

ಬಹುತೇಕ ತಂಡಗಳಲ್ಲಿ ಹಿಂದೆ ಬೀಳುವವಳು ನಾನೇ ಆಗಿರುವುದರಿಂದ, ‘ಕೊನೆಯ ಚಕ್ರ’ ಅವರ ಸಲಹೆಗೆ ಒಂದು ತಕರಾರನ್ನು ದಾಖಲಿಸಬೇಕಾಗಿದೆ. ತುಕಡಿಗಳಾಗಿ ಒಡೆಯುವುದು ಕಾಗದದ ಮೇಲೆ ಚೆನ್ನಾಗಿದೆ. ಅದನ್ನು ಸವಾರರ ಇಚ್ಛೆಗೆ ಬಿಟ್ಟರೆ ಆಗುವುದೇನೆಂದರೆ, ಬಲಿಷ್ಠರು ಬಲಿಷ್ಠರ ಜೊತೆ ಸೇರಿ ಹೊರಟುಹೋಗುತ್ತಾರೆ, ಪಂಪು ಮತ್ತು ಸಾಧನಗಳೂ ಅವರ ಚೀಲದಲ್ಲೇ ಹೋಗುತ್ತವೆ, ಕೊನೆಗೆ ಉಳಿಯುವುದು ಟ್ಯೂಬ್ ಬದಲಿಸಲು ಬಾರದ ಮೂವರು ಹೊಸಬರು. ಅದನ್ನು ಬಿಡಿಸಿ ಕಳುಹಿಸುವುದು ಎನ್ನಲಾಗದು, ಬಿಟ್ಟುಹೋಗುವುದು ಎನ್ನಬೇಕು.

ತುಕಡಿಗಳನ್ನು ಮಾಡಲೇಬೇಕಿದ್ದರೆ ಬೆಳಗ್ಗೆ ಮುಖ್ಯಸ್ಥರೇ ಹೆಸರು ಕೂಗಿ ಮಾಡಲಿ. ಪ್ರತಿಯೊಂದರಲ್ಲೂ ರಿಪೇರಿ ಬಲ್ಲವರೊಬ್ಬರು, ಒಂದು ಪಂಪು, ಎರಡು ಅಳತೆಯ ಟ್ಯೂಬು, ಒಂದು ಬೆಂಕಿಪೊಟ್ಟಣದಷ್ಟು ಚಿಕ್ಕದಾದರೂ ಸರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ದಾರಿಗಾಗಿ ಫೋನನ್ನೇ ನಂಬಬಾರದು. ಮಳೆಹನಿ ಬಿದ್ದ ಗಾಜು ಬೆರಳನ್ನು ಗುರುತಿಸುವುದಿಲ್ಲ, ಚಾರ್ಜ್ ಮಾಡುವ ತೂತಿನಲ್ಲಿ ತೇವವಿದ್ದರೆ ಅನೇಕ ಫೋನುಗಳು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ತಿರುವುಗಳ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆದು ಪ್ಲಾಸ್ಟಿಕ್ ಚೀಲದೊಳಗಿಟ್ಟು ಹ್ಯಾಂಡಲ್ಲಿಗೆ ಕಟ್ಟಿಕೊಂಡರೆ ಸಾಕು. ಶಾಯಿಯಾದರೆ ಹರಡುತ್ತದೆ.

ಮಡ್‌ಗಾರ್ಡಿನ ಬಗ್ಗೆ ಯಾರೂ ಬರೆಯದಿರುವುದು ನನಗೆ ಸೋಜಿಗ. ಅದಿಲ್ಲದ ಸೈಕಲ್ಲಿನ ಹಿಂದೆ ಹೋಗುವವರ ಬಾಯಿ, ಕಣ್ಣು, ನೀರಿನ ಬಾಟಲಿಯ ಮೂತಿಗೆ ದಿನವಿಡೀ ರಸ್ತೆಯ ಕೊಳಕೇ ಬೀಳುತ್ತಿರುತ್ತದೆ. ಹಾಕಿಸುವವರು ಕೂಡ ತಮ್ಮ ಬೆನ್ನು ಉಳಿದರೆ ಸಾಕೆಂದು ಗಿಡ್ಡನೆಯದನ್ನು ಹಾಕಿಸುತ್ತಾರೆ. ಹಿಂದಿನ ಮಡ್‌ಗಾರ್ಡಿನ ತುದಿಗೆ ನೆಲದಿಂದ ಗೇಣುದ್ದ ಮೇಲಿನವರೆಗೆ ಇಳಿಬಿಡುವ ರಬ್ಬರ್ ಪಟ್ಟಿ ಇದ್ದರಷ್ಟೇ ಹಿಂದಿನವರಿಗೆ ಪ್ರಯೋಜನ. ಹಳೆಯ ಪ್ಲಾಸ್ಟಿಕ್ ಡಬ್ಬಿಯನ್ನು ಕತ್ತರಿಸಿ ಎರಡು ಸ್ಕ್ರೂ ಹಾಕಿದರೂ ನಡೆಯುತ್ತದೆ. ಇದನ್ನು ತಂಡಕ್ಕೆ ಸೇರುವ ಷರತ್ತನ್ನಾಗಿಯೇ ಮಾಡಿ ಎಂದು ನನ್ನ ಒತ್ತಾಯ. ಹಾಗೆಯೇ ಹಿಂದಿನ ಕೆಂಪು ದೀಪ ಮಿಟುಕದೆ ಒಂದೇ ಸಮನೆ ಉರಿಯುವಂತಿರಲಿ. ಮಬ್ಬು ಬೆಳಕಿನಲ್ಲಿ ಮಿಟುಕುವ ದೀಪವನ್ನು ಗಂಟೆಗಟ್ಟಲೆ ನೋಡುತ್ತ ಬರುವವರಿಗೆ ಕಣ್ಣು ಕತ್ತಲಿಟ್ಟುಬರುತ್ತದೆ. ಕೊನೆಯ ಸವಾರರು ಮಾತ್ರ ಬೇಕಿದ್ದರೆ ಮಿಟುಕಿಸಿಕೊಳ್ಳಲಿ.

ಪ್ರತಿಕ್ರಿಯೆ: ದಾರಿಬುತ್ತಿ

ಮೂವರಿಗೂ ಧನ್ಯವಾದಗಳು. ತುಕಡಿಗಳನ್ನು ನಾನೇ ಹೆಸರು ಕೂಗಿ ಮಾಡುತ್ತೇನೆ, ಮಡ್‌ಗಾರ್ಡಿನ ಷರತ್ತನ್ನು ಇಂದೇ ಎಲ್ಲರಿಗೂ ತಿಳಿಸುತ್ತೇನೆ. ಸವಾರಿಯನ್ನು ಪೂರ್ತಿ ಕೈಬಿಡಬೇಕಾದದ್ದು ಯಾವಾಗ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಮಳೆಯ ಜೋರನ್ನು ನೋಡಿ ತೀರ್ಮಾನಿಸುವುದೇ?

ಉತ್ತರ: ಕೊನೆಯ ಚಕ್ರ

‘ನಿಧಾನಗಾಮಿ’ ಅವರ ತಕರಾರು ಸರಿಯಾದದ್ದೇ, ಹೆಸರು ಕೂಗಿ ವಿಂಗಡಿಸುವುದನ್ನು ನನ್ನ ಸಲಹೆಯ ಭಾಗವೆಂದೇ ಓದಿಕೊಳ್ಳಿ.

ಮಳೆಯ ಜೋರಿಗಿಂತ ಮೂರು ಸಂಗತಿಗಳನ್ನು ನಾನು ನೋಡುತ್ತೇನೆ. ಮೊದಲನೆಯದು ಸಿಡಿಲು. ಮಿಂಚಿದಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಹಿಡಿಯುತ್ತದಾದ್ದರಿಂದ 30 ಸೆಕೆಂಡೆಂದರೆ ಸಿಡಿಲು 10 ಕಿ.ಮೀ. ದೂರದಲ್ಲಿದೆ. ಅದಕ್ಕಿಂತ ಕಡಿಮೆಯಾದರೆ ಕಟ್ಟಡದೊಳಗೆ ಅಥವಾ ಮುಚ್ಚಿದ ಕಾರಿನೊಳಗೆ ಸೇರಬೇಕು, ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಬರಬಾರದು. ಟೈರು ರಬ್ಬರಿನದಾದ್ದರಿಂದ ಸೈಕಲ್ ಸವಾರ ಸುರಕ್ಷಿತ ಎಂಬ ಮಾತಿನಲ್ಲಿ ಹುರುಳಿಲ್ಲ. ಒಂಟಿ ಮರದ ಕೆಳಗೂ ನಿಲ್ಲಬಾರದು. ಎರಡನೆಯದು ರಸ್ತೆಯ ಮೇಲೆ ಅಡ್ಡ ಹರಿಯುವ ನೀರು. 15 ಸೆಂ.ಮೀ. ಆಳದ ರಭಸದ ನೀರು ನಿಂತವನನ್ನು ಬೀಳಿಸಬಲ್ಲದು, ಅದರ ತಳದಲ್ಲಿ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಕಾಣುವುದಿಲ್ಲ. ಮುಂದಿನವನು ದಾಟಿದನೆಂದು ಹಿಂದಿನವರು ಇಳಿಯುವುದು ತಂಡಗಳ ಹಳೆಯ ಖಾಯಿಲೆ. ಅಂಥಲ್ಲಿ ತುಕಡಿಗಳ ನಿಯಮವೂ ರದ್ದಾಗಬೇಕು, ಮೊದಲು ತಲುಪಿದವರು ಎಲ್ಲರನ್ನೂ ತಡೆದು ನಿಲ್ಲಿಸಬೇಕು.

ಮೂರನೆಯದು ಚಳಿಯ ಜೊತೆಗಿನ ಉದ್ದನೆಯ ಇಳಿಜಾರು. ಬಯಲಿನಲ್ಲಿ ಜಡಿಮಳೆ ಸುರಿದರೂ ಬೆಚ್ಚಗಿದ್ದರೆ ಹೊರಡಬಹುದು. ಸೋನೆಮಳೆಯಾದರೂ ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಎತ್ತರದ ಕಣಿವೆದಾರಿ ದಾಟಬೇಕಾದ ದಿನ, ಒಣಗಿದ ಕೈಗವಸು ಮತ್ತು ಜಾಕೆಟ್ ತುದಿಯಲ್ಲಿ ಎಲ್ಲರಿಗೂ ಸಿಗುವ ಖಾತರಿಯಿಲ್ಲದಿದ್ದರೆ ನಾನು ತಂಡವನ್ನು ಹೊರಡಿಸುವುದಿಲ್ಲ. ಮರಗಟ್ಟಿದ ಬೆರಳಿಗೆ ಬ್ರೇಕ್ ಲಿವರ್ ಸಿಗುವುದಿಲ್ಲ.

ಉತ್ತರ: ಒಣ ಕಾಲ್ಚೀಲ

ತಡವಾಗಿ ಓದಿದೆ. ದಿನ ಮುಗಿದ ನಂತರದ ಕೆಲಸವನ್ನು ಮಾತ್ರ ಸೇರಿಸುತ್ತೇನೆ.

ಬಟ್ಟೆಗಳನ್ನು ಎರಡು ಪಾಲು ಮಾಡಿ. ತುಳಿಯುವ ಬಟ್ಟೆ ತೋಯಲಿ, ಮಲಗುವ ಬಟ್ಟೆಯನ್ನು ಮಾತ್ರ ಎಂಥ ಪ್ರಸಂಗದಲ್ಲೂ ರಸ್ತೆಗೆ ತೊಡಬಾರದು. ಬೆಳಗ್ಗೆ ಎದ್ದು ನಿನ್ನೆಯ ತಣ್ಣನೆಯ ಒದ್ದೆ ಕಾಲ್ಚೀಲವನ್ನು ಬೆಚ್ಚಗಿನ ಕಾಲಿಗೆ ಏರಿಸುವ ಆ ಅರ್ಧ ನಿಮಿಷ ಯಾರಿಗೂ ಹಿತವಲ್ಲ. ಆದರೂ ಆಗ ಮನಸ್ಸು ಸಡಿಲಿಸಿ ಒಣಗಿದ್ದನ್ನು ಹಾಕಿಕೊಂಡವರಿಗೆ ಆ ರಾತ್ರಿ ತೊಡಲು ಏನೂ ಉಳಿಯುವುದಿಲ್ಲ. ಹತ್ತಿಯ ಬಟ್ಟೆ ನೀರು ಕುಡಿದರೆ ಬಿಡುವುದೇ ಇಲ್ಲ, ಉಣ್ಣೆ ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಶೂಗಳೊಳಗೆ ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿ ತುರುಕಿ, ಒಂದು ಗಂಟೆಯ ನಂತರ ತೆಗೆದು ಹೊಸ ಹಾಳೆ ತುರುಕಬೇಕು. ಮೊದಲ ಹಾಳೆಗಳನ್ನೇ ಬೆಳಗಿನವರೆಗೆ ಬಿಟ್ಟರೆ ಅವು ಹೀರಿದ ನೀರು ಶೂವಿನಲ್ಲೇ ಕುಳಿತಿರುತ್ತದೆ.

ಚೈನನ್ನು ಸ್ನಾನಕ್ಕೆ ಮೊದಲೇ ನೋಡಿಕೊಳ್ಳಿ, ಊಟವಾದ ಮೇಲೆ ಯಾರೂ ಏಳುವುದಿಲ್ಲ. ಮಳೆ ಎಣ್ಣೆಯನ್ನೆಲ್ಲ ತೊಳೆದಿರುವುದರಿಂದ ಬೆಳಗಾಗುವಷ್ಟರಲ್ಲಿ ಕೊಂಡಿಗಳ ಮೇಲೆ ಕಿತ್ತಳೆ ಬಣ್ಣದ ತುಕ್ಕು ಮೂಡುತ್ತದೆ. ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಿ, ಒದ್ದೆ ಹವೆಗೆಂದು ತಯಾರಿಸಿದ ಗಟ್ಟಿ ಎಣ್ಣೆಯನ್ನು ಪ್ರತಿ ಕೊಂಡಿಗೆ ಒಂದು ಹನಿಯಂತೆ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಹೊರಮೈಯ ಎಣ್ಣೆಯನ್ನು ಒರೆಸಿಬಿಡಿ. ಕೆಸರು ತೊಳೆಯಲು ರಭಸದ ನೀರಿನ ಪಂಪು ಸಿಕ್ಕರೂ ಚಕ್ರದ ಹಬ್ಬು ಮತ್ತು ಪೆಡಲಿನ ಅಚ್ಚಿನತ್ತ ಅದನ್ನು ತಿರುಗಿಸಬೇಡಿ, ಬೇರಿಂಗಿನ ಗ್ರೀಸು ಹೊರಟುಹೋಗುತ್ತದೆ. ಸೀಟು ಚರ್ಮದ್ದಾಗಿದ್ದರೆ ಬಿಸಿಲಿಗೋ ಒಲೆಯ ಬಳಿಗೋ ಒಯ್ಯದೆ ನೆರಳಿನಲ್ಲಿ ನಿಧಾನವಾಗಿ ಆರಲು ಬಿಡಿ. ಪೂರ್ತಿ ಆರುವ ಮುನ್ನ ಅದರ ಮೇಲೆ ಕುಳಿತು ತುಳಿದರೆ ಚರ್ಮ ಜೋತುಬೀಳುತ್ತದೆ, ಆದ್ದರಿಂದ ಅಂಥ ಸೀಟಿನವರು ಮಳೆ ಶುರುವಾಗುವ ಮೊದಲೇ ಅದಕ್ಕೊಂದು ಪ್ಲಾಸ್ಟಿಕ್ ಟೋಪಿ ಹಾಕಿಕೊಳ್ಳಲಿ.